ಗಿರಾಕಿಗಳಿಗೆ ಮಾತ್ರ

"ಏಯ್, ಅಲ್ಲೇ ನಿಲ್ಲು! ಮೆಟ್ಟಿಲು ಹತ್ತಬೇಡ ಅಂದ್ರೆ ತಲೆಗೆ ಹೋಗಲ್ವಾ? ಊರಿನ ಕಾಯಿಲೆನೆಲ್ಲಾ ಮೈಮೇಲೆ ಹೊತ್ಕೊಂಡು ಬಂದ್ಬಿಡ್ತವೆ, ಗಬ್ಬು ಮುಂಡೇವು!"

ಕಾಂಪ್ಲೆಕ್ಸಿನ ಮ್ಯಾನೇಜರು ಹೀಗೆ ಕೂಗಿದ್ದು ನನಗೆ. ನಾನಿನ್ನೂ ಮೆಟ್ಟಿಲು ಹತ್ತಿರಲೂ ಇಲ್ಲ. ಕೆಳಗಿನ ಮೆಟ್ಟಿಲ ಮೇಲೆ ಯಾರೋ ಕಳಚಿ ಬಿಸಾಡಿದ್ದ ಮಾಸ್ಕನ್ನು ಪೊರಕೆಯ ತುದಿಯಿಂದ ಎಳೆದುಕೊಳ್ಳುತ್ತಿದ್ದೆ, ಅಷ್ಟೇ. ಆತ ಕೈಯಲ್ಲಿದ್ದ ಔಷಧಿಯ ಪಂಪನ್ನು ನನ್ನ ಕಾಲಿನ ಕಡೆ ತಿರುಗಿಸಿ ಚುಸ್ ಚುಸ್ ಅಂತ ಹೊಡೆದ. ತಿಗಣೆಗೆ ಹೊಡೆಯುತ್ತಾರಲ್ಲ, ಹಾಗೆ.

"ನಿಮ್ಮ ಗಡಿ ಚರಂಡಿ ತನಕ. ಚರಂಡಿಯಿಂದ ಈಚೆಗೆ ಖಾಸಗಿ ಜಾಗ. ತಿಳೀತಾ?"

"ತಿಳೀತು ಸಾರ್," ಅಂದೆ. ಆ ಮೆಟ್ಟಿಲುಗಳನ್ನು ಇಷ್ಟು ವರ್ಷ ದಿನಾ ಗುಡಿಸಿದವಳು ನಾನೇ. ಗುಡಿಸು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ. ಬೀದಿ ಗುಡಿಸುವ ಕೈ, ಕಸ ಕಂಡಲ್ಲಿ ತಾನೇ ಹೋಗುತ್ತದೆ. ಹಾಳು ಕೈ.

ಈ ಮ್ಯಾನೇಜರಿಗೆ ನಮ್ಮ ಗುಂಪಿನ ಹೆಂಗಸರು ಇಟ್ಟ ಹೆಸರು ಕೈಯುಜ್ಜಪ್ಪ. ಮಾತಿಗೊಮ್ಮೆ ಜೇಬಿನಿಂದ ಪುಟ್ಟ ಸೀಸೆ ತೆಗೆದು ಅಂಗೈಗೆ ಸುರಿದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಅವನ ಹಿಂದೆ ಗಾಜಿನ ಬಾಗಿಲ ಪಕ್ಕ ನೀಲಿ ಅಂಗಿ, ಟೋಪಿ ಹಾಕಿಕೊಂಡು, ಬಂದವರ ಹಣೆಗೆ ಜ್ವರ ನೋಡುವ ಗನ್ನು ಹಿಡಿಯುವ ಸೆಕ್ಯುರಿಟಿಯವನು ನನ್ನ ಮಗ. ಆ ಸಂಗತಿ ಕೈಯುಜ್ಜಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ಮಗನೇ ಹೇಳಿದ್ದ. ಗುಡಿಸುವವಳ ಮಗ, ಗುಡಿಸುವವಳ ಗಂಡ ಅಂತ ತಿಳಿದರೆ ಮನೆಯಿಂದ ಕಾಯಿಲೆ ತರುತ್ತಾನೆ ಎಂದು ಕೆಲಸದಿಂದ ತೆಗೆದುಹಾಕುತ್ತಾರೆ ಅಂತ ಅವನ ಹೆದರಿಕೆ. ಹಾಗಾಗಿ ಅವತ್ತು ಅವನ ಕಣ್ಣೆದುರಿಗೇ ಅವನ ತಾಯಿಯ ಕಾಲಿಗೆ ತಿಗಣೆ ಔಷಧಿ ಬಿದ್ದಾಗ ಅವನು ರಸ್ತೆಯ ಆ ಬದಿಯ ಗೋಡೆಯನ್ನು ನೋಡುತ್ತಾ ನಿಂತಿದ್ದ.

ನಮ್ಮ ಕೆಲಸದಲ್ಲಿ ಒಂದು ಪಾಠ ಇದೆ. ಹೊಸದಾಗಿ ಯಾವ ಹೆಂಗಸು ಸೇರಿದರೂ ಪೊರಕೆ ಹಿಡಿಯುವುದಕ್ಕಿಂತ ಮುಂಚೆ ಅದನ್ನು ಕಲಿಸುತ್ತೇವೆ. ನೀರು ಕುಡಿಯಬೇಡ. ಬಾಯಿ ಒಣಗಿದರೆ ಒಂದು ಗುಟುಕು ಹಾಕಿಕೋ, ಮುಕ್ಕಳಿಸು, ಉಗಿ. ನುಂಗಬೇಡ. ಗಂಡಸರಿಗೆ ಗೋಡೆ ಇದೆ, ಮರ ಇದೆ, ನಿಂತ ಲಾರಿಯ ಮರೆ ಇದೆ. ನಮಗೇನಿದೆ ಮಣ್ಣು? ಸೊಸೆಗೂ ಈ ಪಾಠವನ್ನು ನಾನೇ ಕಲಿಸಿದ್ದೆ. ನನ್ನ ಪಕ್ಕದಲ್ಲೇ ಅವಳ ತಳ್ಳುಗಾಡಿ. ಏಳು ತಿಂಗಳ ಬಸುರಿ.

ಮುಂಚೆ ಹೇಗೋ ನಡೆಯುತ್ತಿತ್ತು. ಈ ಕಾಂಪ್ಲೆಕ್ಸ್ ಕಟ್ಟುವ ಮೊದಲು ಇದೇ ಮೂಲೆಯಲ್ಲಿ ಒಂದು ಸಾರ್ವಜನಿಕ ಶೌಚಾಲಯ ಇತ್ತು. ಗಬ್ಬು ನಾರುತ್ತಿತ್ತು, ಬಾಗಿಲಿಗೆ ಚಿಲಕ ಇರಲಿಲ್ಲ, ಆದರೂ ನಮ್ಮದು. ಅದನ್ನು ಒಡೆಯುವಾಗ ದೊಡ್ಡವರೆಲ್ಲ ಮೈಕಿನಲ್ಲಿ ಹೇಳಿದ್ದರು, ಒಳಗೆ ಕೆಳಮಹಡಿಯಲ್ಲಿ ಇದರ ಹತ್ತು ಪಾಲು ಚೆನ್ನಾಗಿರುವುದನ್ನು ಕಟ್ಟಿಸುತ್ತೇವೆ, ಬೀದಿಯವರೂ ಬಳಸಬಹುದು ಅಂತ. ಕಟ್ಟಿಸಿದರು ಕೂಡ. ಬಿಳಿ ಟೈಲ್ಸು, ಕನ್ನಡಿ, ಕೈ ಚಾಚಿದರೆ ತಾನೇ ಸುರಿಯುವ ನಲ್ಲಿ. ಬೆಳಿಗ್ಗೆ ಅಂಗಡಿಗಳು ತೆರೆಯುವ ಮುಂಚೆ ನಾವು ಹಿಂದಿನ ಬಾಗಿಲಿಂದ ಹೋಗಿಬರುತ್ತಿದ್ದೆವು. ಕಾಯಿಲೆ ಬಂದದ್ದೇ ತಡ, ಹಿಂದಿನ ಬಾಗಿಲಿಗೆ ಸರಪಳಿ ಬಿತ್ತು. ಶೌಚಾಲಯದ ಮುಂದೆ 'ಗಿರಾಕಿಗಳಿಗೆ ಮಾತ್ರ' ಅಂತ ಬೋರ್ಡು ಬಂತು. ಟೀ ಅಂಗಡಿ, ಬಸ್ ನಿಲ್ದಾಣ, ಸಿನಿಮಾ ಮಂದಿರ, ಊರಿನ ಬಾಗಿಲುಗಳೆಲ್ಲಾ ಮುಚ್ಚಿದವು. ಕಾಂಪ್ಲೆಕ್ಸಿನ ದಿನಸಿ ಅಂಗಡಿ, ಔಷಧಿ ಅಂಗಡಿ ಮಾತ್ರ ತೆರೆದಿದ್ದವು. ಕಾರಿನವರು ಒಳಗೆ ಹೋಗುತ್ತಿದ್ದರು, ಬರುತ್ತಿದ್ದರು. ಅವರ ನಾಯಿಗಳು ಕೂಡ ಮೆಟ್ಟಿಲ ಪಕ್ಕದ ಹೂಕುಂಡಕ್ಕೆ ಕಾಲೆತ್ತಿ ಹೋಗುತ್ತಿದ್ದವು. ಆ ನಾಯಿಗಳ ಕಡೆಗೆ ಯಾರೂ ಪಂಪು ತಿರುಗಿಸಲಿಲ್ಲ.

ನಮ್ಮನ್ನು ಮಾತ್ರ ಯಾರೂ ಮನೆಯಲ್ಲಿರಿ ಅನ್ನಲಿಲ್ಲ. ಊರಿಗೆ ಊರೇ ಒಳಗೆ ಕೂತು ಕಸ ಹಾಕುತ್ತಿತ್ತು. ತೆಗೆಯಲು ನಾವು ಬೇಕಿತ್ತು.

ಸೊಸೆಗೆ ಮೊದಲು ಉರಿ ಶುರುವಾಯಿತು. ಆಮೇಲೆ ಚಳಿಜ್ವರ. ಪೊರಕೆ ಹಿಡಿದು ಬಗ್ಗಿದವಳು ಸೊಂಟ ಹಿಡಿದುಕೊಂಡು ಹಾಗೇ ಕೂತುಬಿಡುತ್ತಿದ್ದಳು. ಆರೋಗ್ಯ ಕೇಂದ್ರದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಬೈದಳು.

"ನೀನು ಅತ್ತೆಯೋ ಯಮನೋ? ಬಸುರಿ ಹುಡುಗಿ ನೀರು ಕುಡಿಯಲ್ಲ ಅಂತಾಳೆ, ಬಂದದ್ದನ್ನ ಮಧ್ಯಾಹ್ನದ ತನಕ ತಡ್ಕೋತೀನಿ ಅಂತಾಳೆ. ಒಳಗೆಲ್ಲಾ ಕೀವಾಗಿದೆ. ಇದು ಹೀಗೇ ಏರಿದ್ರೆ ಹೆರಿಗೆ ಈಗಲೇ ಆಗಿಬಿಡುತ್ತೆ. ಏಳು ತಿಂಗಳ ಮಗು, ಈ ಕಾಲದಲ್ಲಿ, ಯಾವ ಆಸ್ಪತ್ರೆಯವರು ತಗೋತಾರೆ ಅವಳನ್ನ? ಬಿಂದಿಗೆಗಟ್ಲೆ ನೀರು ಕುಡೀಬೇಕು. ಬಂದ ಕೂಡ್ಲೆ ಹೋಗ್ಬೇಕು."

"ಎಲ್ಲಿಗೆ ಹೋಗ್ಬೇಕು ತಾಯಿ?" ಅಂದೆ.

ನರ್ಸಮ್ಮ ಮಾತ್ರೆ ಎಣಿಸಿ ಕೊಟ್ಟಳು.

ನನ್ನ ಸೊಸೆಯ ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಆಗ ಅವಳು ಅತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದು ಕೆಲಸಕ್ಕೆ ಹೋಗಿದ್ದಳು ಅಷ್ಟೇ. ಈ ಸಲ ಕೂಸು ಹೊಟ್ಟೆಯಲ್ಲಿ ಒದ್ದಾಗೆಲ್ಲ ನನ್ನ ಕೈ ಎಳೆದು ಇಟ್ಟುಕೊಳ್ಳುತ್ತಿದ್ದಳು. "ನೋಡಿ ಅತ್ತೆ, ಫುಟ್‌ಬಾಲ್ ಆಡ್ತಿದೆ ಬಡ್ಡಿಮಗಂದು," ಅನ್ನುತ್ತಿದ್ದಳು. ರಜೆ ಕೇಳಿದರೆ ಮೇಸ್ತ್ರಿ ಹೇಳುತ್ತಿದ್ದುದು ಒಂದೇ ಮಾತು: "ಹೋಗು, ಮಲಕ್ಕೋ. ನಿನ್ನ ಗಾಡಿ ತಳ್ಳೋಕೆ ನೂರು ಜನ ಸಾಲು ನಿಂತವ್ರೆ."

ಉಪಾಯ ಹೇಳಿದವಳು ಉದ್ದಕ್ಕ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಎತ್ತರದವಳು, ಎಲ್ಲರಿಗಿಂತ ಬಾಯಿ ಜೋರು.

"ಗಿರಾಕಿಗಳಿಗೆ ಮಾತ್ರ ಅಂತ ತಾನೆ ಬರ್ದಿರೋದು? ಗಿರಾಕಿ ಆಗೇ ಹೋಗ್ಲಿ. ಈ ಕಿತ್ತಳೆ ಕೋಟು ಬಿಚ್ಚಿಟ್ಟು, ಒಳ್ಳೆ ಬಟ್ಟೆ ಹಾಕ್ಕೊಂಡು, ಮುಖಕ್ಕೆ ಮಾಸ್ಕ್ ಕಟ್ಕೊಂಡು ಹೋದ್ರೆ ಯಾವ ನನ್ಮಗ ಗುರುತು ಹಿಡೀತಾನೆ? ಈಗ ರಾಣಿಗೂ ಮಾಸ್ಕೇ, ನಮಗೂ ಮಾಸ್ಕೇ. ಒಂದು ಸೋಪು ತಗೊಂಡು, ಹಂಗೇ ಒಳಗೆ ಹೋಗಿ ಬರೋದು."

ಸೊಸೆ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಮಾರನೆಯ ದಿನ ತಳ್ಳುಗಾಡಿಯ ಮರೆಯಲ್ಲಿ ಕೋಟು ಕಳಚಿದಳು. ಒಳಗೆ ಮದುವೆಗೆ ಕೊಡಿಸಿದ್ದ ಹಸಿರು ಬಟ್ಟೆ ಹಾಕಿಕೊಂಡು ಬಂದಿದ್ದಳು. ತಲೆಗೆ ಎಣ್ಣೆ, ಕೈಗೊಂದು ಚೀಲ. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಉಂಗುರಗಳಲ್ಲಿ ಗಿರಾಕಿಗಳು ದೂರ ದೂರ ನಿಂತಿದ್ದರು. ಅವಳೂ ಒಂದು ಉಂಗುರದಲ್ಲಿ ನಿಂತಳು. ನಾನೂ ಉದ್ದಕ್ಕನೂ ಚರಂಡಿಯ ಈಚೆ ಗುಡಿಸಿದ್ದನ್ನೇ ಗುಡಿಸುತ್ತಾ ನೋಡುತ್ತಿದ್ದೆವು.

ಬಾಗಿಲಲ್ಲಿ ನನ್ನ ಮಗ. ಅವನಿಗೆ ನಾವು ಏನೂ ಹೇಳಿರಲಿಲ್ಲ. ಹೆಂಡತಿಯನ್ನು ಕಂಡವನು ಒಂದು ಸಲ ಹಿಂದೆ ತಿರುಗಿ ಮ್ಯಾನೇಜರು ಎಲ್ಲಿದ್ದಾನೆ ಅಂತ ನೋಡಿದ. ಆಮೇಲೆ ಗನ್ನನ್ನು ಅವಳ ಹಣೆಗೆ ಹಿಡಿದು ನೋಡಿ, "ಹೋಗಿ ಮೇಡಂ," ಅಂದ.

"ಕಟ್ಕೊಂಡೋಳನ್ನ ಮೇಡಂ ಅಂದ ನೋಡು," ಅಂತ ಉದ್ದಕ್ಕ ಪೊರಕೆಗೆ ಬಾಯಿ ಒತ್ತಿ ನಕ್ಕಳು. ನನಗೂ ನಗು ಬಂತು. ಜ್ವರ ಇದ್ದೇ ಇತ್ತು ಅವಳಿಗೆ, ಮಾತ್ರೆಯಲ್ಲಿ ಇಳಿದಿತ್ತೋ, ಮಗ ಕಂಡರೂ ಕಾಣದಂತೆ ಬಿಟ್ಟನೋ, ಇವತ್ತಿಗೂ ಕೇಳಿಲ್ಲ.

ಗಾಜಿನ ಆಚೆ ಎಲ್ಲಾ ಕಾಣುತ್ತಿತ್ತು. ಸೋಪು ತೆಗೆದುಕೊಂಡಳು, ಹಣ ಕೊಟ್ಟಳು, ಚೀಲಕ್ಕೆ ಹಾಕಿಕೊಂಡಳು. ಬೋರ್ಡಿನ ಕಡೆ ತಿರುಗಿದಳು. ಕೈಯುಜ್ಜಪ್ಪ ಅಲ್ಲೇ ನಿಂತಿದ್ದವನು ಸರಿದು ದಾರಿ ಬಿಟ್ಟ. ಗಿರಾಕಿ ಅಂತಲೇ ತಿಳಿದಿದ್ದ ಪಾಪಿ. ಇನ್ನು ನಾಲ್ಕು ಹೆಜ್ಜೆ ನಡೆದಿದ್ದರೆ ಬಾಗಿಲು. ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ದಪ್ಪ ಮನುಷ್ಯನೊಬ್ಬ ಮೂಗು ಒರೆಸಿದ ಕಾಗದವನ್ನು ನೆಲಕ್ಕೆ ಬಿಟ್ಟ.

ನನ್ನ ಸೊಸೆ ಬಗ್ಗಿದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಯೋಚನೆ ಕೂಡ ಮಾಡದೆ ಬಗ್ಗಿ, ಆ ಕಾಗದವನ್ನು ಎತ್ತಿಕೊಂಡು ಬುಟ್ಟಿ ಎಲ್ಲಿದೆ ಅಂತ ಸುತ್ತ ನೋಡಿದಳು.

"ಅಯ್ಯೋ, ಬಿಡೇ ಅದನ್ನ!" ಅಂದೆ ನಾನು ಇಲ್ಲಿಂದಲೇ. ಗಾಜಿನ ಒಳಗೆ ಎಲ್ಲಿ ಕೇಳಿಸುತ್ತದೆ?

ಇನ್ನೊಬ್ಬರ ಸಿಂಬಳದ ಕಾಗದವನ್ನು ಬರಿಗೈಯಲ್ಲಿ ಎತ್ತುವ ಗಿರಾಕಿ ಈ ಭೂಮಿ ಮೇಲೆ ಇಲ್ಲ. ಕೈಯುಜ್ಜಪ್ಪ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಕಾಲಲ್ಲಿ ಗುಡಿಸುವವರಿಗೆ ಕೊಡುವ ಬೂಟು.

ಅವನ ಕೂಗು ಗಾಜು ದಾಟಿ ಬಂತು. "ಗುಡಿಸೋಳು! ಗುಡಿಸೋಳು ಒಳಗೆ ಬಂದಾಳೆ! ಯಾರೋ ಬಿಟ್ಟಿದ್ದು ಇವಳನ್ನ?" ಗಿರಾಕಿಗಳು ಹಾವು ಕಂಡವರ ಹಾಗೆ ಹಿಂದೆ ಸರಿದರು. ಮೂಗು ಒರೆಸಿದ ಆ ದಪ್ಪ ಮನುಷ್ಯ ಎಲ್ಲರಿಗಿಂತ ಹಿಂದೆ. ಕೈಯುಜ್ಜಪ್ಪ ಅವಳನ್ನು ಮುಟ್ಟಲಿಲ್ಲ, ಮುಟ್ಟುತ್ತಾನೆಯೇ? ಪಂಪು ತೆಗೆದುಕೊಂಡು ಹೊಡೆಯುತ್ತಾ ಹೊಡೆಯುತ್ತಾ ಬಾಗಿಲ ತನಕ ಅಟ್ಟಿಕೊಂಡು ಬಂದ. ತಲೆ, ಎದೆ, ಹೊಟ್ಟೆ. ಅವಳು ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಿದ್ದಳು. ಕಣ್ಣಿಗೆ ಬಿದ್ದ ಔಷಧಿಯಿಂದ ದಾರಿ ಕಾಣದೆ ಮೆಟ್ಟಿಲಲ್ಲಿ ತಡವರಿಸಿದಳು. ನಾನು ಓಡಿಹೋಗಿ ಹಿಡಿದುಕೊಂಡೆ.

"ಕಣ್ಣಿರಲಿಲ್ವಾ ನಿಂಗೆ? ಜ್ವರ ನೋಡು ಅಂದ್ರೆ ಮುಖ ನೋಡ್ಕೊಂಡು ನಿಂತಿದ್ಯಾ?" ಅಂತ ಮಗನಿಗೂ ಬಿತ್ತು. "ಇನ್ಮೇಲೆ ಯಾರಿಗೂ ಇಲ್ಲ. ಬೀಗ ಹಾಕು ಅದಕ್ಕೆ. ಕೀ ನನ್ನ ಹತ್ರ ಇರ್ಲಿ."

ನನ್ನ ಮಗ ಬೀಗ ಹಾಕಿದ. ಕೀ ತಂದುಕೊಟ್ಟ.

ಅವತ್ತು ಸಂಜೆ ಮನೆಯಲ್ಲಿ ನಾನು ಅವನನ್ನು ಬಿಡಲಿಲ್ಲ. ಒಂದೇ ಕೋಣೆಯ ಮನೆ, ತಪ್ಪಿಸಿಕೊಂಡು ಹೋಗಲು ಅವನಿಗೂ ಜಾಗ ಇಲ್ಲ. ಸೊಸೆ ಮೂಲೆಯಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದಳು.

"ಬಾಯಿಗೇನು ಬೆಣೆ ಹೊಡೆದಿದ್ರಾ ನಿಂಗೆ? ನಿನ್ನ ಹೆಂಡ್ತಿ ಕಣೋ ಅವಳು. ಹೊಟ್ಟೆಗೆ ಹೊಡೆದ ಕಣೋ, ನಿನ್ನ ಕೂಸಿನ ಮೇಲೆ ಹೊಡೆದ."

"ಏನ್ ಮಾಡ್ಲಿ ಅವ್ವ? ಅವಳು ಹೆರೋಕೆ ಹೋದಾಗ ಯಾರಪ್ಪ ದುಡ್ಡು ಕಟ್ತಾನೆ? ನಾನು ಬಾಯಿ ಬಿಟ್ಟಿದ್ರೆ ಇಬ್ಬರ ಕೆಲಸನೂ ಹೋಗೋದು."

"ನಿನ್ನ ಕೆಲಸಕ್ಕೆ ಬೆಂಕಿ ಬೀಳ!"

"ಬೀಳ್ಲಿ ಬಿಡು. ನಾಳೆ ಒಲೆಗೆ ಅದನ್ನೇ ಹಾಕು," ಅಂದ. ಸೊಸೆ ಬಟ್ಟೆಯ ಅಡಿಯಿಂದಲೇ, "ಇಬ್ರೂ ಸುಮ್ನಿರ್ತೀರಾ? ತಪ್ಪು ನಂದು. ಆ ಹಾಳು ಕಾಗದ ನಾನ್ಯಾಕೆ ಎತ್ತಿದೆ?" ಅಂದಳು. ಅದನ್ನು ಕೇಳಿ ನನ್ನ ಹೊಟ್ಟೆ ಉರಿದಷ್ಟು ಕೈಯುಜ್ಜಪ್ಪನ ಬೈಗುಳಕ್ಕೂ ಉರಿದಿರಲಿಲ್ಲ.

ಒಂದು ವಾರ ಕಳೆದಿರಬೇಕು. ಮೇಸ್ತ್ರಿ ಬಂದು, ಎಲ್ಲರೂ ಕೋಟು ಒಗೆದು ಹಾಕಿಕೊಂಡು ಬರಬೇಕು ಅಂದ. ಕಾಂಪ್ಲೆಕ್ಸಿನ ಯಜಮಾನರು ನಮಗೆ ಸನ್ಮಾನ ಮಾಡುತ್ತಾರಂತೆ. ಟಿವಿಯವರೂ ಬರುತ್ತಾರಂತೆ.

"ಸನ್ಮಾನನಾ? ನಮಗಾ?" ಅಂದಳು ಉದ್ದಕ್ಕ. "ಪಂಪು ಸಣ್ಣದೋ ದೊಡ್ಡದೋ?"

ಮೆಟ್ಟಿಲುಗಳ ಮೇಲೆ ಎರಡು ಕಂಬಕ್ಕೆ ಒಂದು ಬ್ಯಾನರು ಕಟ್ಟಿದ್ದರು. 'ಬೀದಿಯ ವೀರರಿಗೆ ನಮ್ಮ ನಮನ' ಅಂತ ದಪ್ಪ ಅಕ್ಷರ, ಅದರ ಪಕ್ಕ ಆಳೆತ್ತರದ ಯಜಮಾನರ ಮುಖ, ಕೈಮುಗಿದುಕೊಂಡು ನಗುತ್ತಿತ್ತು. ನಮ್ಮನ್ನು ಕೆಳಗಿನ ಮೆಟ್ಟಿಲ ಹತ್ತಿರ ಹಗ್ಗದ ಆಚೆ ನಿಲ್ಲಿಸಿದರು. ಮೇಲಿನ ಮೆಟ್ಟಿಲಿಂದ ನಮ್ಮ ತಲೆಯ ಮೇಲೆ ಬುಟ್ಟಿಗಟ್ಟಲೆ ಹೂ ಎರಚಿದರು. ಚಪ್ಪಾಳೆ ತಟ್ಟಿದರು. ಮಹಡಿಗಳ ಮೇಲಿಂದಲೂ ಜನ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತಿದ್ದೆ. ಬಿದ್ದ ಹೂವನ್ನೆಲ್ಲ ಗುಡಿಸುವವರು ಯಾರು ಅಂತ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಯಜಮಾನರು ಕೈಗವಸು ಹಾಕಿಕೊಂಡು, ನಮ್ಮೊಬ್ಬೊಬ್ಬರಿಗೂ ಒಂದೊಂದು ದೊಡ್ಡ ಬಾಟಲಿ ನೀರು ಕೊಟ್ಟರು. ಕ್ಯಾಮೆರಾ ಮಿಂಚಿತು.

"ಬಿಸಿಲು ಜಾಸ್ತಿ ಇದೆ ತಾಯಂದಿರೇ. ಚೆನ್ನಾಗಿ ನೀರು ಕುಡೀರಿ. ನಿಮ್ಮ ಆರೋಗ್ಯನೇ ನಮ್ಮ ಆರೋಗ್ಯ."

ಸುಮ್ಮನಿರಬೇಕು ಅಂತಲೇ ಇದ್ದೆ. ಪಕ್ಕದಲ್ಲಿ ಸೊಸೆ ತುಟಿ ಕಚ್ಚಿಕೊಂಡು, ಕಾಲಿಗೆ ಕಾಲು ಹೆಣೆದು ನಿಂತಿದ್ದಳು. ಬೆಳಗಿನಿಂದ ಕಟ್ಟಿಕೊಂಡದ್ದು. ಹಣೆಯ ಮೇಲೆ ಬೆವರು. ನನ್ನ ಮೊಣಕೈ ಹಿಡಿದ ಅವಳ ಉಗುರು ಚರ್ಮಕ್ಕೆ ಇಳಿದಿತ್ತು.

"ಯಜಮಾನ್ರೇ," ಅಂದೆ. "ನೀರೇನೋ ಕೊಟ್ರಿ. ಕುಡಿದಿದ್ದನ್ನ ಎಲ್ಲಿ ಬಿಡೋದು?"

ಟಿವಿಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಯಜಮಾನರ ನಗು ಹಾಗೇ ಇತ್ತು, ಕಣ್ಣು ಮಾತ್ರ ಮ್ಯಾನೇಜರ ಕಡೆ ಹೋಯಿತು. "ಅದನ್ನೆಲ್ಲಾ ಇವರು ನೋಡ್ಕೋತಾರೆ," ಅಂದವರು ಕಾರು ಹತ್ತಿದರು. ಟಿವಿಯವರೂ ಹಿಂದೆಯೇ ಹೋದರು. ಚಪ್ಪಾಳೆ ತಟ್ಟಿದವರು ಕಿಟಕಿ ಮುಚ್ಚಿಕೊಂಡರು.

"ಸಾರ್, ಇವತ್ತೊಂದು ದಿನ ಬೀಗ ತೆಗೀರಿ," ಅಂತ ಕೈಯುಜ್ಜಪ್ಪನಿಗೆ ಕೈಮುಗಿದೆ. ಅವತ್ತು ನಿಜವಾಗಿ ಮುಗಿದೆ. "ಬಸುರಿ ಹುಡುಗಿ. ಒಳಗೆಲ್ಲಾ ಕೀವಾಗಿದೆ ಅಂತ ನರ್ಸು ಹೇಳವ್ಳೆ. ತಡ್ಕೊಂಡ್ರೆ ಕೂಸು ಉಳಿಯಲ್ಲ ಸಾರ್. ನಾನೇ ತೊಳೆದು ಹೋಗ್ತೀನಿ."

"ನಿಮ್ಮದೊಂದು ಗೋಳು. ಹೂ ಹಾಕಿದ ತಕ್ಷಣ ತಲೆ ಮೇಲೆ ಕೂತ್ಕೋಬೇಡಿ. ಎಷ್ಟು ಸಲ ಹೇಳ್ಬೇಕು? ಖಾಸಗಿ ಜಾಗ ಇದು. ನಿಮ್ಮ ಗಡಿ ಚರಂಡಿ ತನಕ. ಅಲ್ಲೇ ಹೋಗಿ ಕೂರು ಅನ್ನು, ಹೊಸದೇನಲ್ವಲ್ಲ ನಿಮಗೆ." ಅಷ್ಟು ಹೇಳಿ ಸೀಸೆ ತೆಗೆದು ಕೈ ಉಜ್ಜಿಕೊಂಡ. "ಹೋಗೋಕೆ ಮುಂಚೆ ಈ ಹೂವೆಲ್ಲ ಗುಡಿಸಿ."

ಸೊಸೆ ನನ್ನ ಕಿವಿಯಲ್ಲಿ ಅಂದಳು, "ಅತ್ತೆ, ಇನ್ನು ಆಗಲ್ಲ. ಸತ್ತೋಗ್ತೀನಿ."

ನಾನು ಉದ್ದಕ್ಕನ ಮುಖ ನೋಡಿದೆ. ಉದ್ದಕ್ಕ ಬ್ಯಾನರು ನೋಡಿದಳು. ಅವಳು ಹಗ್ಗ ದಾಟಿ ಮೆಟ್ಟಿಲು ಹತ್ತಿ ಕೈ ಎತ್ತಿದರೆ ಕಂಬದ ತುದಿ ಸಿಕ್ಕಿತು. ಒಂದೇ ಎಳೆತ. ಇನ್ನೊಂದು ಕಡೆ ಕೆಳಗೆ ಜಗ್ಗಿ ಬಂದ ದಾರವನ್ನು ನಾನು ಹಲ್ಲಿನಿಂದ ಕಚ್ಚಿ ಹರಿದೆ. ಉಳಿದ ಹೆಂಗಸರು ಬಂದು ಬ್ಯಾನರಿನ ಅಂಚು ಹಿಡಿದರು. ಮೆಟ್ಟಿಲ ನಟ್ಟನಡುವೆ, ಹಾಡುಹಗಲಲ್ಲಿ, ಸುತ್ತ ಗೋಡೆ ಎದ್ದಿತು. ಬಾಗಿಲ ಕಡೆ ನಮನ, ಬೀದಿಯ ಕಡೆ ಯಜಮಾನರ ನಗು.

"ಕೂತ್ಕೋ ಮಗಳೇ," ಅಂದೆ. "ನೆಮ್ಮದಿಯಾಗಿ ಕೂತ್ಕೋ. ಯಾವನು ಬರ್ತಾನೋ ನೋಡ್ತೀನಿ."

ಅವಳು ಕೂತಳು. ಉರಿಗೆ ಒಮ್ಮೆ ನರಳಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಮೊದಲನೆಯ ಮಗುವಿಗೆ ಅಳದೆ ಇಟ್ಟುಕೊಂಡಿದ್ದೂ ಅದರಲ್ಲೇ ಹೋಯಿತು ಅಂತ ನನಗನ್ನಿಸಿತು. ಬ್ಯಾನರಿನ ಅಡಿಯಿಂದ ನೀರು ಹರಿದು, ಹೊಳೆಯುವ ಕಲ್ಲಿನ ಮೇಲೆ ಹೂವಿನ ಎಸಳುಗಳನ್ನು ತಳ್ಳಿಕೊಂಡು ಒಂದೊಂದೇ ಮೆಟ್ಟಿಲು ಇಳಿಯಿತು.

"ಏಯ್! ಏಯ್! ಥೂ! ಏನ್ರೇ ಇದು, ಹಲ್ಕಾ ಮುಂಡೇವಾ! ಸೆಕ್ಯುರಿಟಿ! ಎಳೆದು ಬೀದಿಗೆ ಹಾಕೋ ಅವಳನ್ನ!"

ನನ್ನ ಮಗ ಮೆಟ್ಟಿಲು ಇಳಿದು ಬಂದ. ನಾನು ಬ್ಯಾನರಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವನು ಬ್ಯಾನರಿನ ಹತ್ತಿರ ಬಂದು, ನಮ್ಮ ಕಡೆ ಬೆನ್ನು ಮಾಡಿ, ಮ್ಯಾನೇಜರ ಕಡೆ ತಿರುಗಿ ನಿಂತುಕೊಂಡ. ಮಾಸ್ಕು ಕೆಳಗೆ ಎಳೆದ.

"ಅವಳು ನನ್ನ ಹೆಂಡ್ತಿ ಸಾರ್. ಬ್ಯಾನರು ಹಿಡಿದಿರೋಳು ನಮ್ಮವ್ವ."

ಕೈಯುಜ್ಜಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ, "ಹಂಗಾದ್ರೆ ನೀನೇ ತೊಳಿ! ಬಕೆಟ್ ತಗೊಂಬಾ! ತೊಳೆದು, ಅಂಗಿ ಬಿಚ್ಚಿಟ್ಟು ನಡಿ ಆಚೆಗೆ!" ಅಂತ ಕಿರುಚಿದ.

"ಬಕೆಟ್ಟು ಶೌಚಾಲಯದ ಒಳಗಿದೆ ಸಾರ್," ಅಂದ ಮಗ. "ಕೀ ನಿಮ್ಮ ಜೇಬಲ್ಲಿದೆ."

ಅಂಗಿ ಅಲ್ಲೇ ಬಿಚ್ಚಿದ. ಮಡಚಿ, ಅದರ ಮೇಲೆ ಟೋಪಿ, ಟೋಪಿಯ ಮೇಲೆ ಜ್ವರದ ಗನ್ನು ಇಟ್ಟು, ಒಣಗಿದ ಮೆಟ್ಟಿಲು ನೋಡಿ ಇರಿಸಿದ. ಅವನ ಬನಿಯನ್ನಿನ ಬೆನ್ನಿನಲ್ಲಿ ನಾನೇ ಹೊಲಿದ ಹರಕು ಕಾಣುತ್ತಿತ್ತು. ಕೆಲಸ ಹೋಯಿತು ಅಂದುಕೊಂಡೆ. ನನ್ನ ಮಗ ನನಗೆ ವಾಪಸು ಬಂದ ಅಂತಲೂ ಅಂದುಕೊಂಡೆ.

ಸೊಸೆ ಎದ್ದು ಬಟ್ಟೆ ಸರಿಮಾಡಿಕೊಂಡಳು. ನಾವು ಬ್ಯಾನರನ್ನು ಮಡಚಿ ಮೆಟ್ಟಿಲ ಮೇಲಿಟ್ಟೆವು, ಯಜಮಾನರ ಮುಖ ಮೇಲೆ ಬರುವ ಹಾಗೆ. ಪೊರಕೆ ಎತ್ತಿಕೊಂಡು ಇಳಿದೆವು.

"ಎಲ್ಲಿಗೆ ಹೋಗ್ತಿದೀರಾ? ಗುಡಿಸ್ರೇ ಇದನ್ನ! ಗುಡಿಸೋದು ನಿಮ್ಮ ಕೆಲಸ ಅಲ್ವಾ?"

ನಾನು ಚರಂಡಿ ದಾಟಿ ತಿರುಗಿ ನಿಂತೆ.

"ನಮ್ಮ ಗಡಿ ಇಲ್ಲಿ ತನಕ ಸಾರ್. ಅದು ನಿಮ್ಮ ಖಾಸಗಿ ಜಾಗ."

ಅವನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದ. ಇಳಿಯಬೇಕೆಂದರೆ ಅದನ್ನು ತುಳಿದೇ ಇಳಿಯಬೇಕು. ಉಂಗುರಗಳಲ್ಲಿ ನಿಂತಿದ್ದ ಗಿರಾಕಿಗಳು ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ನಾಳೆ ನಮ್ಮ ಕೆಲಸವೂ ಇರುತ್ತದೋ ಇಲ್ಲವೋ, ಮೇಸ್ತ್ರಿ ಆಗಲೇ ಫೋನು ಕಿವಿಗೆ ಇಟ್ಟುಕೊಂಡು ಆಚೆ ಈಚೆ ಓಡಾಡುತ್ತಿದ್ದ. ಕೂಸು ಉಳಿಯುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

ಸೊಸೆ ಸುಸ್ತಾಗಿ ತಳ್ಳುಗಾಡಿಗೆ ಒರಗಿದ್ದಳು. ಗಂಡ ಅವಳ ಗಾಡಿಯ ಹಿಡಿಕೆ ಹಿಡಿದುಕೊಂಡಿದ್ದ. ಅವಳು ಯಜಮಾನರ ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಮುಕ್ಕಳಿಸಿದಳು, ಉಗಿಯಲು ಪಕ್ಕಕ್ಕೆ ಬಗ್ಗಿದಳು.

"ಉಗೀಬೇಡ," ಅಂದೆ. "ನುಂಗು."

ಅವಳು ನನ್ನನ್ನು ನೋಡಿದಳು. ನುಂಗಿದಳು. ಆಮೇಲೆ ಬಾಟಲಿ ಎತ್ತಿ ಗಟಗಟ ಕುಡಿದಳು. ಉದ್ದಕ್ಕ ತನ್ನ ಬಾಟಲಿ ತೆಗೆದಳು. ನಾನೂ ತೆಗೆದೆ. ಎಲ್ಲ ಹೆಂಗಸರೂ, ಆ ಮೆಟ್ಟಿಲುಗಳ ಎದುರಿಗೆ, ಚರಂಡಿಯ ಈಚೆ ಸಾಲಾಗಿ ನಿಂತುಕೊಂಡು, ಕೈಯುಜ್ಜಪ್ಪನನ್ನೇ ನೋಡುತ್ತಾ, ಬಾಟಲಿ ಖಾಲಿಯಾಗುವ ತನಕ ಕುಡಿದೆವು.